ಬಾವಿಯಂತೆ ತೋಡಿದ ಗುಂಡಿ

ಮಣಿಪಾಲ
೧೭ ನವೆಂಬರ್ ೨೦೨೪

ಪ್ರೀತಿಯ ತಮ್ಮ ದುರ್ಗೇಶ,

ಆಯಿಯ ಮೊಣಕಾಲು ನೋವು ಹೇಗಿದೆ? ಎರಡು ತಿಂಗಳು ಬರೆಯಲಿಲ್ಲ, ತಪ್ಪು ನನ್ನದೇ. ಬರಿಗೈಯಲ್ಲಿ ಬರೆಯಲು ಮನಸ್ಸಾಗಲಿಲ್ಲ. ಫೋನಿನಲ್ಲಿ ಒದರುವ ಸುದ್ದಿಯೂ ಇದಲ್ಲ. ಆಯಿಗೆ ಓದಿ ಹೇಳು.

ಅಜ್ಜ ಓಡಿಹೋಗಿರಲಿಲ್ಲ. ಇನ್ನೊಬ್ಬಳನ್ನು ಕಟ್ಟಿಕೊಂಡಿರಲಿಲ್ಲ. ೧೯೯೩ರಲ್ಲಿ ಬಜಗೋಳಿ ಹತ್ತಿರದ ಕಲ್ಲುಕೋರೆಯಲ್ಲಿ ಬಂಡೆಯಡಿ ಸಿಕ್ಕಿ ಸತ್ತ. ಮೂವತ್ತೊಂದು ವರ್ಷ ಆಯಿಯನ್ನು 'ಓಡಿಹೋದವನ ಹೆಂಡತಿ' ಎಂದು ಆಡಿಕೊಂಡವರ ಮುಖಕ್ಕೆ ಈ ಕಾಗದ ಹಿಡಿ.

ಇಷ್ಟು ದಿನ ಬಸಯ್ಯ ಎಂಬ ಅಜ್ಜನ ಹೆಸರನ್ನೇ ಹುಡುಕುತ್ತಿದ್ದೆ. ಕಾರ್ಕಳದ ಕಡೆಯ ಕಚೇರಿಯೊಂದರಲ್ಲಿ ಗುಮಾಸ್ತ ಸರ್ವೋತ್ತಮ ಹಳೆಯ ಸಾವಿನ ಪುಸ್ತಕ ಮುಂದೆ ತಳ್ಳಿ, "ಬಸಯ್ಯ ಇಲ್ಲ ಮಾರಾಯ್ರೆ. 'ಘಟ್ಟದವ' ಅಂತ ಒಬ್ಬ ಉಂಟು. ಅವನೇ ಇರಬಹುದು, ಅಲ್ವಾ?" ಎಂದು ನಕ್ಕ. ಹೆಸರಿನ ಜಾಗದಲ್ಲಿ ಘಟ್ಟದವ! "ನೀವು ಸತ್ತರೆ 'ಕಡಲಕರೆಯವ' ಎಂದು ಬರೆಸಲೇ?" ಎಂದೆ. "ಎಂತ ಮೇಡಂ, ನಾನು ಬರೆದದ್ದಾ?" ಎಂದ. ಅಲ್ಲ. ಇಲ್ಲಿ ಯಾರೂ ಏನನ್ನೂ ಬರೆದಿರುವುದಿಲ್ಲ. ಮನೆ, ಆಸ್ಪತ್ರೆ, ಕಾಲೇಜುಗಳನ್ನೆಲ್ಲ ನಮ್ಮವರ ಕೈಯಿಂದ ಕಟ್ಟಿಸಿಕೊಂಡ ಜಿಲ್ಲೆಗೆ ಒಂದು ಹೆಸರು ಬರೆಯುವಷ್ಟು ಶಾಯಿ ಇರಲಿಲ್ಲ.

ಪುಸ್ತಕದಲ್ಲಿ ಸತ್ತ ಜಾಗವೆಂದು ಬರೆದಿದ್ದ ಕೋರೆಗೇ ಹೋದೆ. ಅದರ ಪಕ್ಕದ ಮನೆಯ ಎಲಿಜಬೆತ್ ಬಾಯಿಗೆ ಎಂಬತ್ತು ದಾಟಿದೆ. ಹೂಳಿದ ಜಾಗ ತೋರಿಸಿದ್ದು ಅವರೇ. ಬರೀ ಪೊದೆ. "ಬಸಯ್ಯನಾ? ಮರೆಯುವುದುಂಟಾ ಮಗಾ! ನಮ್ಮ ಹಾಗೆ ಉದ್ದಕ್ಕೆ ತೋಡಲಿಲ್ಲ, ಬಾವಿಯ ಹಾಗೆ ಗುಂಡಗೆ ತೋಡಿದ್ರು. ವಿಭೂತಿ ಹಚ್ಚಿ ಕೂರಿಸಿದ್ರು. ನಾನು ಅಂಥದ್ದು ನೋಡಿದ್ದು ಅದೇ ಮೊದಲು."

ಕೇಳಿದೆಯಾ ಆಯಿ? ನಮ್ಮ ಪದ್ಧತಿಯಂತೆ ಕೂರಿಸಿಯೇ ಹೂಳಿದ್ದಾರೆ. ಅಷ್ಟಾದರೂ ಆಗಿದೆ.

ಬರುವ ಭಾನುವಾರ ಅಲ್ಲಿ ಕಲ್ಲು ನೆಡುತ್ತೇನೆ, ಬಸಯ್ಯ ಎಂದೇ ಕೆತ್ತಿಸುತ್ತೇನೆ. ತಡೆಯುವವರು ಬರಲಿ, ನೋಡುತ್ತೇನೆ. ನಿನಗೂ ಮಕ್ಕಳಿಗೂ ಒಳ್ಳೆಯದಾಗಲಿ. ಯಾರ ಮುಂದೆಯೂ ಬೆನ್ನು ಬಾಗದಿರಲಿ.

ನಿನ್ನ ಅಕ್ಕ,
ಅನ್ನಪೂರ್ಣ

ತಾ.ಕ.: ಹೆಣವನ್ನು ಕೂರಿಸಿ ಹೂಳುವುದು ಕೋರೆಯ ಧಣಿಗೆ ಗೊತ್ತಿರಲು ಸಾಧ್ಯವೇ? ನಮ್ಮವನೊಬ್ಬ ಅಲ್ಲಿ ಇರಲೇಬೇಕು. ಕಾಗದ ಅಂಚೆಗೆ ಹಾಕದೆ ಸೋಮವಾರ ಕಚೇರಿಗೆ ಹಿಂದಿರುಗಿ ಹೋಗಿ ಪುಸ್ತಕ ಮತ್ತೆ ತೆರೆಸಿದೆ. 'ಘಟ್ಟದವ, ವಾರಸುದಾರರಿಲ್ಲ.' ಅದರ ಮುಂದೆ, ಅಂದು ಸಿಟ್ಟಿನಲ್ಲಿ ನಾನು ನೋಡದೆ ಬಿಟ್ಟಿದ್ದ, ಮಾಹಿತಿ ಕೊಟ್ಟವರ ಸಹಿ: ರೇವಯ್ಯ ಬಸಯ್ಯ ಹಿರೇಮಠ. ನಮ್ಮ ಅಪ್ಪ! ಹೆತ್ತವನಿಗೆ ಹೆಸರಿಲ್ಲ ಎಂದು ಬರೆಸಿದವನು, ಅಭ್ಯಾಸಬಲದಿಂದ ಆ ಹೆಸರನ್ನೇ ತನ್ನ ಸಹಿಯ ನಡುವೆ ಬರೆದಿದ್ದಾನೆ. ಆಮೇಲೆ ಊರಿಗೆ ಬಂದು ಆಯಿಗೆ 'ಓಡಿಹೋದ' ಎಂದವನೂ ಅವನೇ. ವಾರಸುದಾರರಿಲ್ಲವೆಂದರೆ ಧಣಿ ಪರಿಹಾರ ಕೊಡಬೇಕಿಲ್ಲ; ಆ ವರ್ಷವೇ ಅಪ್ಪ ಕೋರೆಯ ಮೇಸ್ತ್ರಿಯೂ ಆದ. ಇದನ್ನೂ ಆಯಿಗೆ ಓದು. ಅಪ್ಪ ಎದುರಿಗಿರುವಾಗ, ಗಟ್ಟಿಯಾಗಿ.