ಹನ್ನೊಂದು ನಿಮಿಷದ ಬೆನ್ನು

ಗದಗ, ಕ್ರಿ.ಶ. ೨೧೭೧, ಹದಿಮೂರನೇ ತಿಂಗಳ ನಾಲ್ಕನೇ ದಿನ

ಹಿಂದಿನ ಕಾಲದಲ್ಲಿ ಕೂತು ಸಿನಿಮಾ ನೋಡುತ್ತಿರುವ ಮಹನೀಯರಿಗೆ,

‘ಐ ಬೆಗ್ ಟು ಸ್ಟೇಟ್’ ಎಂದು ಪತ್ರ ಶುರು ಮಾಡಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು; ಅದರ ಮುಂದಿನದು ಮರೆತುಹೋಗಿದೆ. ತಿಂಗಳು ಹದಿಮೂರು ಹೇಗಾಯಿತೆಂದು ಕೇಳಬೇಡಿ, ಬೇಸಿಗೆ ಉದ್ದವಾದ ಮೇಲೆ ಸರಕಾರ ಒಂದನ್ನು ಸೇರಿಸಿತು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮೆಯಿರಲಿ. ನಾನು ಗುರುಸಿದ್ಧಪ್ಪ ಕೊಪ್ಪದ, ವಯಸ್ಸು ಎಪ್ಪತ್ಮೂರು. ಹೆಂಡತಿ ನೀಲಗಂಗಾ ತೀರಿಕೊಂಡು ಆರು ವರ್ಷವಾಯಿತು. ಆಕೆ ಸಿನಿಮಾ ಮಾಡುತ್ತಿದ್ದಳು. ಆಕೆಯ ಕೊನೆಯ ಸಿನಿಮಾವನ್ನು ಹೇಗೆ ಕೊಂದರೆಂದು ಯಾರಿಗಾದರೂ ಹೇಳಲೇಬೇಕು. ನನ್ನ ಕಾಲದವರನ್ನು ಕಂಡರೆ ನನಗೆ ಹೇಸಿಗೆ, ಅದಕ್ಕೆ ನಿಮಗೆ ಬರೆಯುತ್ತಿದ್ದೇನೆ.

ನಮ್ಮ ಟಾಕೀಸಿನಲ್ಲಿ ಪ್ರತಿ ಕುರ್ಚಿಯ ತೋಳಿಗೂ ಒಂದು ಸಾಕುಗುಂಡಿ ಇರುತ್ತದೆ. ಒತ್ತಿದರೆ ‘ಈ ಸಿನಿಮಾ ಸಾಕು’ ಎಂದರ್ಥ, ಆ ಕುರ್ಚಿಯ ಹಿಂಬದಿಯಲ್ಲಿ ಕೆಂಪು ದೀಪ ಹತ್ತುತ್ತದೆ. ಅರ್ಧಕ್ಕಿಂತ ಹೆಚ್ಚು ದೀಪ ಹತ್ತಿದರೆ ಸಿನಿಮಾ ಅಲ್ಲಿಗೇ ನಿಂತು, ಇದ್ದ ಒಂದೇ ಪ್ರತಿಯೂ ಅಳಿಸಿಹೋಗುತ್ತದೆ. ಮೊದಲ ದಿನ ನಿರ್ದೇಶಕರು ಹಿಂದಿನ ಗೋಡೆಗೆ ನಿಂತು ಇದನ್ನೆಲ್ಲ ನೋಡಬೇಕೆಂಬುದು ಪದ್ಧತಿ. ಪ್ರೇಕ್ಷಕರ ಹಕ್ಕಂತೆ. ಥೂ! ಮಿರ್ಚಿಯ ಎಣ್ಣೆ ಮೆತ್ತಿದ ಬೆರಳಿನಿಂದ, ಬಾಯಿ ಚಪ್ಪರಿಸುತ್ತ ಒತ್ತುವ ಹಕ್ಕು.

ಗುಂಡಿಯ ಭಯಕ್ಕೆ ಎಲ್ಲರ ಸಿನಿಮಾಗಳೂ ಒಂದೇ ಅಚ್ಚಿನವು. ನೀಲಗಂಗಾ ಮಾತ್ರ ಮನುಷ್ಯರನ್ನು ಯಾವಾಗಲೂ ಹಿಂದಿನಿಂದ ತೆಗೆಯುತ್ತಿದ್ದಳು. ಯಾರೋ ನೋಡುತ್ತಿದ್ದಾರೆಂದು ಮುಖಕ್ಕೆ ಗೊತ್ತಿರುತ್ತದೆ, ಬೆನ್ನಿಗೆ ಗೊತ್ತಿರುವುದಿಲ್ಲ, ಅನ್ನುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ. ತಿಳಿದಿರಲಿಲ್ಲ.

ಆ ಕೊನೆಯ ಸಿನಿಮಾದ ಮೊದಲ ದಿನ ಆಕೆ ಹಿಂದಿನ ಗೋಡೆಗೆ ನಿಂತಿದ್ದಳು, ನಾನು ಜನರ ನಡುವೆ ಕೂತಿದ್ದೆ. ಇಪ್ಪತ್ತು ನಿಮಿಷ ಬರೀ ಬೆನ್ನುಗಳು ಕಂಡ ಮೇಲೆ ಗದ್ದಲ ಶುರುವಾಯಿತು. “ಏ ಯವ್ವಾ, ಒಮ್ಮೆರ ಮಾರಿ ತೋರ್ಸು!” ಎಂದು ಒಬ್ಬ ಕೂಗಿದ. “ಟೇಲರ್ ಅಂಗಡ್ಯಾಗ ಕುಂತಿದ್ರ ಇಷ್ಟೂ ಬೆನ್ನು ಪುಕ್ಕಟೆ ನೋಡ್ತಿದ್ವಿ” ಎಂದ ಇನ್ನೊಬ್ಬ. ಒಂದು ಚಪ್ಪಲಿ ಪರದೆಗೆ ಬಡಿದು ಬಿತ್ತು. ನನ್ನ ಪಕ್ಕದ ಹೆಂಗಸು, “ಇಕಿಗೆ ನಮ್ಮ ಮ್ಯಾಲ ಏನರ ಸಿಟ್ಟೈತೇನ್ರೀ?” ಎಂದು ನನ್ನನ್ನೇ ಕೇಳಿದಳು. ಕೆಟ್ಟ ಸಿನಿಮಾ ನೋಡಿದವರು ಹೀಗೆ ಕೇಳುವುದಿಲ್ಲ, ಆಕಳಿಸಿ ಮನೆಗೆ ಹೋಗುತ್ತಾರೆ. ಇಲ್ಲಿ ಯಾರೋ ಒಬ್ಬಳು ತಮ್ಮನ್ನು ಕೇಳದೆ, ತನಗೆ ಕಂಡ ಹಾಗೆ ನೋಡುತ್ತಿದ್ದಾಳೆಂದು ಆ ಹೆಂಗಸಿಗೆ ಗೊತ್ತಾಗಿತ್ತು. ಅದನ್ನು ಜನ ಕ್ಷಮಿಸುವುದಿಲ್ಲ.

ನಾನು ಉತ್ತರ ಕೊಡುವಷ್ಟರಲ್ಲಿ ಪರದೆಯ ಮೇಲೆ ಬಂದ ಬೆನ್ನು ನನ್ನದು.

ಮಾಳಿಗೆಯ ಮೇಲೆ ಹನಿಗೂಡು ಹಿಂಡುತ್ತಿದ್ದೆ. ಹನಿಗೂಡೆಂದರೆ ಗಾಳಿಯ ತೇವ ಹಿಡಿಯುವ ಬಲೆಯ ಚೀಲ. ಮುಂಜಾನೆ ಅದನ್ನು ಹಿಂಡಿದರೇ ನಮಗೆ ಚಹಾದ ನೀರು. ನೀಲಗಂಗಾ ಇದನ್ನು ಯಾವಾಗ ತೆಗೆದಿದ್ದಳೋ ಕಾಣೆ. ನನ್ನ ಒಂದು ಭುಜ ಇಳಿದಿತ್ತು. ಬನಿಯನ್ನಿನ ತೂತಿನಲ್ಲಿ ಬೆರಳು ತೂರಿಸಿ ತುರಿಸಿಕೊಳ್ಳುತ್ತಿದ್ದೆ. ಮನೆಯಲ್ಲಿ ದನಿಯೆತ್ತಿ ಮಾತಾಡುವ ಗಂಡಸು ಹಿಂದಿನಿಂದ ಇಷ್ಟು ಹೆದರಿದವನಂತೆ ಕಾಣುತ್ತಾನೆಯೇ? ಒಂದು ನಿಮಿಷ, ಮೂರು, ಏಳು. ದೃಶ್ಯ ಕದಲಲಿಲ್ಲ. “ಈ ಮುದ್ಯಾ ಇನ್ನೂ ಎಷ್ಟೊತ್ತು ಹಿಂಡ್ತಾನೋ!” ಎಂದು ಯಾರೋ ಅಂದರು, ಇಡೀ ಟಾಕೀಸು ನಕ್ಕಿತು. ಪಕ್ಕದ ಹೆಂಗಸೂ ನಕ್ಕಳು.

ನಾನು ಗುಂಡಿ ಒತ್ತಿದೆ.

ನನ್ನ ದೀಪದಿಂದಲೇ ಅರ್ಧ ದಾಟಿತೋ ಏನೋ, ಮರುಕ್ಷಣ ಪರದೆ ಬೆಳ್ಳಗಾಯಿತು. ಜನ ಚಪ್ಪಾಳೆ ತಟ್ಟಿದರು. ಅವರನ್ನು ಬೈಯುತ್ತಲೇ ಈ ಪತ್ರ ಶುರು ಮಾಡಿದೆ. ಈಗ ಬೈಯಲು ಬಾಯಿ ಏಳುತ್ತಿಲ್ಲ. ಕೆಟ್ಟ ಹೆಸರಿಟ್ಟು ನಾಯಿಯನ್ನು ಕೊಲ್ಲುವ ಬಗ್ಗೆ ‘ಗಿವ್ ದಿ ಡಾಗ್’ ಎಂದೇನೋ ಒಂದು ಇಂಗ್ಲಿಷ್ ಮಾತಿತ್ತು, ಅದೂ ಪೂರ್ತಿ ನೆನಪಿಲ್ಲ.

ಹಿಂದಿನ ಗೋಡೆಗೆ ನಿಂತವಳಿಗೆ ಕಾಣುವುದು ಬೆನ್ನುಗಳು ಮತ್ತು ದೀಪಗಳು ಮಾತ್ರ ಎಂಬುದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ. ಆಕೆ ಚಹಾ ಸೋಸುತ್ತ, ನನ್ನ ಕಡೆ ತಿರುಗದೆ, “ನಿಮ್ಮ ಬೆನ್ನು ನಂಗ ಎಷ್ಟು ಮಂದ್ಯಾಗಿದ್ರೂ ಗೊತ್ತಾಗ್ತತ್ರಿ” ಅಂದಳು. ಅಷ್ಟೇ. ಮುಂದೆ ಮೂರು ವರ್ಷ ಬದುಕಿದಳು, ಕ್ಯಾಮೆರಾ ಮುಟ್ಟಲಿಲ್ಲ.

ನಿಮ್ಮಲ್ಲಿ ಇನ್ನೂ ಸಾಕುಗುಂಡಿ ಬಂದಿಲ್ಲವೆಂದು ಓದಿದ್ದೇನೆ. ಬೈಯಿರಿ, ಸಿಳ್ಳೆ ಹಾಕಿರಿ, ಬೇಕಾದರೆ ಚಪ್ಪಲಿಯನ್ನೂ ಎಸೆಯಿರಿ. ಆದರೆ ಮುಗಿಯುವ ತನಕ ಕೂತಿರಿ. ನನ್ನ ಬೆನ್ನಿನ ಆ ದೃಶ್ಯ ಹನ್ನೊಂದು ನಿಮಿಷದ್ದೆಂದು ಆಕೆ ದೃಶ್ಯಗಳ ಲೆಕ್ಕ ಬರೆದಿಟ್ಟ ಚೀಟಿಯಲ್ಲಿದೆ. ನಾನು ನೋಡಿದ್ದು ಏಳು. ಕೊನೆಗೆ ಆ ಮನುಷ್ಯ ಆಕೆಯ ಕಡೆ ತಿರುಗಿದನೋ ಇಲ್ಲವೋ ಎಂದು ಹೇಳಬಲ್ಲವರು ಯಾರೂ ಉಳಿದಿಲ್ಲ.

ಇಂತಿ,
ಗುರುಸಿದ್ಧಪ್ಪ