ಒಪ್ಪುವವನ ಹೆಸರು

ರಾಜಾಜಿನಗರ, ೧೨-೩-೨೦೦೮

ಚಿರಂಜೀವಿ ದುಂಡೇಶನಿಗೆ ಸೋದರಮಾವನ ಆಶೀರ್ವಾದ.

ನಿನ್ನ ಆಫೀಸಿನಲ್ಲಿ ಮೀಟಿಂಗ್ ರೂಮು ಯಾರಿಗೆ ಅಂತ ಇಷ್ಟು ದಿನ ಹೇಳಿದವನು ನಾನು. ಹಳ್ಳಿ ಶಾಲೆಯಲ್ಲಷ್ಟೇ ಓದಿದ ನನ್ನ ಮುಂದೆ ಎಂಬಿಎಗಳು "ಅರ್ಧ ಗಂಟೆ ಕೊಡಿ ಮಾವ" ಅಂತ ನಿಲ್ಲುತ್ತಿದ್ದರು. ಈಗ ಅದಕ್ಕೆ ಸಾಫ್ಟ್‌ವೇರ್ ತರುತ್ತೀಯಂತೆ. ತಾ, ನನಗೇನೂ ಹೊಟ್ಟೆಕಿಚ್ಚಿಲ್ಲ. ನಿನ್ನೆ ಅದನ್ನು ಹಾಕಿ ನೋಡಿದಾಗ ರಿಸೆಪ್ಷನ್ನಿನ ಶೈಲಾ, "ಇನ್ಮೇಲೆ ಆರಾಮಾಗಿ ಕೂತ್ಕೊಳ್ಳಿ ಮಾವ" ಅಂದಳು. ಕೂತೆ. ಎಲ್ಲರೂ ಅವಳ ಕಂಪ್ಯೂಟರಿನ ಸುತ್ತಲೇ ನಿಂತಿದ್ದರು. ಸಂಜೆವರೆಗೆ ನನ್ನನ್ನು ಯಾರೂ ಮಾತಾಡಿಸಲಿಲ್ಲ.

ನೀನು ನೋಡಿರುವ ಎರಡು ಸಾಫ್ಟ್‌ವೇರುಗಳ ಪೈಕಿ, ಒಂದರಲ್ಲಿ ಅವರವರೇ ರೂಮು ಹಿಡಿಯಬಹುದು. ಇನ್ನೊಂದರಲ್ಲಿ ಒಬ್ಬರು ಒಪ್ಪಬೇಕು. ಎರಡನೆಯದನ್ನೇ ಕೊಳ್ಳು. ಒಪ್ಪುವವನು ನಾನಾಗಿರಲಿ, ಶೈಲಾ ಬೇಡ. ಯಾರಿಗೂ ಇಲ್ಲ ಅನ್ನುವುದಿಲ್ಲ, ಸ್ವಲ್ಪ ಕಾಯಿಸುತ್ತೇನೆ ಅಷ್ಟೆ. ಎಲ್ಲಿ ಒತ್ತಬೇಕು ಅಂತ ಮಾತ್ರ ಅವಳೇ ಕಲಿಸಲಿ. ನಾನು ಕೇಳಿದೆ ಅಂತ ಹೇಳಬೇಡ.

ಇಂತಿ,
ನಿನ್ನ ಮಾವ
ರೇವಣಸಿದ್ದಪ್ಪ