ನಲವತ್ತು ಗಾಡಿ

೬-೩-೧೯೫೭, ಬುಧವಾರ

ನಾನೇ ತಟ್ಟಿದ ಜೋಳದ ರೊಟ್ಟಿ ಇವತ್ತೂ ಹರಿಯಿತು. ಬಾಗಿಲಲ್ಲಿ ಎಂದಿನಂತೆ ದಂಟಿನ ಸೊಪ್ಪಿನ ಕಟ್ಟು. ಮನೆಯೊಡತಿ ಪಾಪಮ್ಮ ದಿನಾ ಇಟ್ಟು ಹೋಗುತ್ತಾರೆ, ಕೇಳುವುದೂ ಇಲ್ಲ, ಹೇಳುವುದೂ ಇಲ್ಲ.

ಆಫೀಸಿನಲ್ಲಿ ಒಳ್ಳೆಯ ಸುದ್ದಿ. ರಾಜಾಜಿನಗರದ ಹೊಸ ಮಾರುಕಟ್ಟೆಯ ನಕ್ಷೆ ನನ್ನ ಕೈಗೆ! ಇಪ್ಪತ್ತನಾಲ್ಕು ಅಂಗಡಿ ನಿಗದಿಯಾಗಿವೆ. ಮುಂದಿನ ಮೈದಾನದಲ್ಲಿ ಪಾರ್ಕಿಂಗ್‌ಗೆ ಎಷ್ಟು ಜಾಗ ಬಿಡಬೇಕು, ಅದೊಂದೇ ಬಾಕಿ. ಹನುಮಂತಯ್ಯ ಸಾಹೇಬರು, "ಊಹೆ ಬೇಡ ಕಣ್ರೀ ಪಂಚಾಕ್ಷರಿ. ಹೋಗಿ ವಿಚಾರಿಸಿ" ಎಂದರು. ಗದಗಿನಿಂದ ಬಂದು ಇನ್ನೂ ಇಪ್ಪತ್ತು ದಿನ ಆಗಿಲ್ಲ, ಆಗಲೇ ಇಂಥ ಕೆಲಸ. ಕೊಟ್ಟವರಿಗೆ ಮನುಷ್ಯರ ಗುಣ ಗೊತ್ತು.

ಮಧ್ಯಾಹ್ನವೇ ಹೋದೆ. ಖಾಲಿ ಮೈದಾನ, ಮಧ್ಯೆ ಹೊಂಗೆ ಮರ, ಸುತ್ತ ಕಲ್ಲಿನ ಕಟ್ಟೆ. ಕಾವಲಿನ ಬೈರಪ್ಪ ಸಿಕ್ಕ.

"ಇಲ್ಲಿ ಎಷ್ಟು ಗಾಡಿ ಬರ್ತಾವ್ರೀ?"

"ಸೋಮವಾರ ಸಂತೆಗೆ ನಲವತ್ತು ಗಾಡಿ ಸ್ವಾಮಿ. ಬೆಳಗ್ಗೆ ಐದಕ್ಕೇ ಬಂದು ನಿಂತ್ಕೋತವೆ."

ನಲವತ್ತು! ಗದಗಿನಲ್ಲಿ ಒಟ್ಟು ಏಳೋ ಎಂಟೋ ಇದ್ದಾವು. ರಾಜಧಾನಿ ಎಂದರೆ ರಾಜಧಾನಿ. ಕಾರಿನವರು ಐದಕ್ಕೇ ಎದ್ದು ತರಕಾರಿಗೆ ಬರುತ್ತಾರಂತೆ, ಶಿಸ್ತು ನೋಡಿ.

"ನೀರಿನ ತೊಟ್ಟಿ ಒಂದು ಬೇಕು ಸ್ವಾಮಿ. ಬಿಸಿಲಿಗೆ ಭಾಳ ಸುಸ್ತಾಗ್ತವೆ."

ರೇಡಿಯೇಟರ್ ಕಾಯುತ್ತದೆ, ನಿಜ. ಬರೆದುಕೊಂಡೆ. ಸೋಮವಾರ ಬಂದು ಕಣ್ಣಾರೆ ನೋಡಬೇಕೇ? ಏನೂ ಬೇಕಿಲ್ಲ. ಸ್ಥಳದವನೇ ಹೇಳಿದ್ದಾನೆ.

೯-೩-೧೯೫೭, ಶನಿವಾರ

ನಕ್ಷೆ ಮುಗಿಯಿತು. ಚೆನ್ನಾಗಿದೆ, ನಾನೇ ಹೇಳುತ್ತೇನೆ. ಕಾರೊಂದಕ್ಕೆ ಹದಿನೆಂಟು ಅಡಿ ಉದ್ದ, ಒಂಬತ್ತು ಅಡಿ ಅಗಲ. ನಲವತ್ತೂ ಕೂರಬೇಕಾದರೆ ಹೊಂಗೆ ಮರ, ಕಟ್ಟೆ ಎರಡೂ ಹೋಗಬೇಕು. ತೆಗೆದೆ. ಸಾಹೇಬರು ಸಹಿ ಹಾಕಿ ಮೇಲಕ್ಕೆ ಕಳಿಸಿದರು.

ಸಂಜೆ ಪಾಪಮ್ಮನಿಗೆ ನಕ್ಷೆಯ ಪ್ರತಿ ತೋರಿಸಿದೆ. ಹೆಮ್ಮೆಯಿಂದಲೇ.

"ಮರ ಎಲ್ಲಪ್ಪಾ?"

"ತೆಗೀತಾರ್ರೀ ಅವ್ವಾ. ನಲವತ್ತು ಕಾರಿಗೆ ಜಾಗ ಬೇಕಲ್ರೀ."

"ಅಲ್ಲೇ ಕಣಪ್ಪಾ ನಾನು ಸೊಪ್ಪು ಮಾರೋದು."

ಅಷ್ಟೇ ಹೇಳಿ ಒಳಗೆ ಹೋದರು. ನನಗೆ ಗೊತ್ತಿರಲಿಲ್ಲ... ಪಕ್ಕದ ಮನೆಯವರು ಆಮೇಲೆ ಹೇಳಿದರು, ಅವರ ರಾಗಿ ಹೊಲ ಈ ಬಡಾವಣೆಗೇ ಹೋಗಿದೆಯಂತೆ. ಉಳಿದಿದ್ದು ಆ ಕಟ್ಟೆಯ ಮೇಲೆ ಒಂದು ಗೋಣಿಚೀಲದಷ್ಟು ಜಾಗ.

ಆದರೂ ಲೆಕ್ಕ ಲೆಕ್ಕವೇ.

೧೪-೩-೧೯೫೭, ಗುರುವಾರ

ನಾಲ್ಕು ದಿನದಿಂದ ಬಾಗಿಲಲ್ಲಿ ಸೊಪ್ಪಿಲ್ಲ. ರೊಟ್ಟಿ, ಬರೀ ಚಟ್ನಿಪುಡಿ. ಗಂಟಲಲ್ಲಿ ಇಳಿಯುವುದಿಲ್ಲ. ಕೊನೆಗೆ ನಾನೇ ಹೋಗಿ ಮಾತಾಡಿಸಿದೆ.

"ಸಿಟ್ಟೇನ್ರೀ ಅವ್ವಾ?"

"ಸಿಟ್ಯಾಕಪ್ಪಾ. ಕಾರಿಗೆ ಜಾಗ ಬೇಕಲ್ಲ. ಅಲ್ಲಾ, ನಲವತ್ತು ಕಾರು ಯಾರ್ದು? ಈ ಸುತ್ತಿಗೆಲ್ಲಾ ಇರೋದು ಡಾಕ್ಟ್ರುದೊಂದೇ, ಅದನ್ನೂ ತಳ್ಬೇಕು."

"ಬೈರಪ್ಪನ ಹೇಳ್ಯಾನ್ರೀ. ಸೋಮವಾರ ನಲವತ್ತು ಗಾಡಿ ಬರ್ತಾವಂತ."

ಪಾಪಮ್ಮ ನನ್ನ ಮುಖವನ್ನೇ ನೋಡಿದರು. ಬಾಯಿಗೆ ಸೆರಗು ಅಡ್ಡ ಹಿಡಿದರು. ನಕ್ಕರೋ ಅತ್ತರೋ ತಿಳಿಯಲಿಲ್ಲ.

"ಸೋಮವಾರ ಐದಕ್ಕೆ ಏಳಪ್ಪಾ. ನಿನ್ ಕಾರು ತೋರಿಸ್ತೀನಿ."

೧೮-೩-೧೯೫೭, ಸೋಮವಾರ, ಬೆಳಗ್ಗೆ ೭

ಶಿವ ಶಿವಾ!

ಎತ್ತಿನ ಗಾಡಿ. ನಲವತ್ತಕ್ಕೆ ನಲವತ್ತೂ. ಎಂಬತ್ತು ಎತ್ತು, ತೊಟ್ಟಿಯಿಲ್ಲದೆ ಬಕೆಟ್ಟಿನಲ್ಲಿ ನೀರು. ನಮ್ಮ ಕಡೆ ಇದು ಚಕ್ಕಡಿ. ಗಾಡಿ ಎಂದರೆ ಮೋಟಾರು, ಇಲ್ಲವೇ ರೈಲು. ಇಲ್ಲಿಯವರಿಗೆ ಗಾಡಿ ಎಂದರೆ ಇದೇ! ಕನ್ನಡ ಒಂದಾಗಿ ನಾಲ್ಕು ತಿಂಗಳಾಯಿತು ಎಂದು ಆಫೀಸಿನಲ್ಲಿ ಭಾಷಣ ಬೇರೆ ಮಾಡಿದ್ದೆ.

ಮರದ ಕೆಳಗೆ ಹದಿನಾಲ್ಕು ಹೆಂಗಸರು, ಸೊಪ್ಪು, ಅವರೇಕಾಯಿ. ಪಾಪಮ್ಮ ನಡುವೆ ಕೂತಿದ್ದರು. ನನ್ನತ್ತ ಒಮ್ಮೆ ನೋಡಿ ಸೊಪ್ಪಿಗೆ ನೀರು ಚಿಮುಕಿಸತೊಡಗಿದರು. ನಾಚಿಕೆಯಾಯಿತು. ತುಂಬ ನಾಚಿಕೆಯಾಯಿತು.

ಅದೇ ದಿನ, ಸಂಜೆ

ಸಾಹೇಬರಿಗೆ ಎಲ್ಲ ಹೇಳಿದೆ. ತಲೆ ಚಚ್ಚಿಕೊಂಡರು.

"ನಲವತ್ತು ಕಾರು ಅಂತ ನಾನೂ ಸೈನ್ ಹಾಕಿದೀನಲ್ರೀ! ಗುರುವಾರ ಸಭೆ. ಪಾಸಾದ್ರೆ ಮರ ಹೋಯ್ತು ಅನ್ಕೊಳ್ಳಿ."

"ನಾನ ಎದ್ದು ಹೇಳ್ತೀನ್ರೀ."

"ನಗ್ತಾರೆ ಕಣ್ರೀ."

ನಗಲಿ. ಹೊಸ ನಕ್ಷೆ ಬರೆಯುತ್ತೇನೆ. ಈ ಸಲ ಎಣಿಸಿದ್ದು ನಾನು.

೨೧-೩-೧೯೫೭, ಗುರುವಾರ

ನಕ್ಕರು. ಅಧ್ಯಕ್ಷರಂತೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗು ಮುಗಿಯುವ ತನಕ ನಿಂತೇ ಇದ್ದೆ. ಆಮೇಲೆ ಹೊಸ ನಕ್ಷೆ ಹರಡಿದೆ — ಕಾರು ಆರು, ಜಟಕಾ ಎಂಟು, ಸೈಕಲ್ಲು ನೂರು, ಎತ್ತಿನ ಗಾಡಿ ನಲವತ್ತು, ನೀರಿನ ತೊಟ್ಟಿ. ನಡುವೆ ಮರ.

ಸೂಟಿನವರೊಬ್ಬರು ಬಿಡಲಿಲ್ಲ. "ಇಪ್ಪತ್ತು ವರ್ಷಕ್ಕೆ ಕಾರು ಬಂದೇ ಬರ್ತವಲ್ಲ, ಆಗ?"

"ಬರ್ಲಿ ಬಿಡ್ರೀ. ಆಗಿನ ಇಂಜಿನಿಯರು ಬೆಳಗ್ಗೆ ಐದಕ್ಕೆ ಎದ್ದು ಬಂದು, ಕಟ್ಟಿ ಮ್ಯಾಲೆ ಕುಂತವರನ್ನ ಕೇಳಲಿ. ನಾ ಕೇಳಲಿಲ್ಲ, ಅದಕ್ಕ ತಪ್ಪಿದೆ."

ಯಾರೂ ನಗಲಿಲ್ಲ. ತೀರ್ಮಾನ ಮುಂದಿನ ವಾರವಂತೆ.

ಪಾಪಮ್ಮನಿಗೆ ಹೇಳಲಿಲ್ಲ. ಸುಮ್ಮನೆ ಆಸೆ ಹುಟ್ಟಿಸುವುದು ಬೇಡ. ಆದರೆ ಆಗುತ್ತದೆ, ನನಗೆ ಗೊತ್ತು.

೩೦-೩-೧೯೫೭, ಶನಿವಾರ

ಪಾಸ್!

ಹೊಸ ನಕ್ಷೆಯ ನೀಲಿ ಪ್ರತಿ ಮನೆಗೆ ತಂದೆ. ಪಾಪಮ್ಮನಿಗೆ ಓದು ಬರುವುದಿಲ್ಲ. "ಮರ ಎಲ್ಲಪ್ಪಾ?" ಅದೇ ಪ್ರಶ್ನೆ. ತೋರಿಸಿದೆ. ಕಟ್ಟೆಯನ್ನು ಹದಿನಾಲ್ಕು ಚೌಕ ಮಾಡಿ, ನಡುವಿನ ಒಂದರಲ್ಲಿ ಚಿಕ್ಕದಾಗಿ 'ಪಾಪಮ್ಮ' ಎಂದು ಬರೆದಿದ್ದೆ. ಸಾಹೇಬರು ನೋಡಿದ್ದರು, ಅಳಿಸಿರಲಿಲ್ಲ.

"ಇದು ನೀವು."

ಬೆರಳಿಟ್ಟರು. ಬೆರಳಿನಡಿ ಹೆಸರು ಮುಚ್ಚಿಹೋಯಿತು. ತುಂಬ ಹೊತ್ತು ತೆಗೆಯಲಿಲ್ಲ.

೧-೪-೧೯೫೭, ಸೋಮವಾರ, ಬೆಳಗ್ಗೆ ೪-೪೫

ಬಾಗಿಲಲ್ಲಿ ಸೊಪ್ಪು. ಎರಡು ಕಟ್ಟು!

ರೊಟ್ಟಿ ಹರಿಯಲಿಲ್ಲ. ಇನ್ನು ಕೂತು ತಿನ್ನಬೇಕು... ಪಾಪಮ್ಮ ಹೊರಗಿನಿಂದ ಕೂಗುತ್ತಿದ್ದಾರೆ, "ಗಾಡಿ ಬಂತು, ಬಾರಪ್ಪಾ!"

ಯಾವ ಗಾಡಿ ಎಂದು ಮೊದಲು ಕೇಳಿಕೊಂಡೇ ಹೊರಡುತ್ತೇನೆ.